ನೀರಿಗಿಳಿದ ಹೊಟ್ಟೆಕಿಚ್ಚು

ಆಗ ನನಗೆ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಆಧಾರ್ ಕಾರ್ಡಿನಲ್ಲಿ ಲೆಕ್ಕ ಹಾಕಿದರೆ ಐದು ವರ್ಷ ಕಡಿಮೆ ಬರುತ್ತದೆ, ಅದನ್ನು ನಂಬಬೇಡಿ. ಕಾರ್ಡು ಮಾಡುವವನು ಹುಟ್ಟಿದ ವರ್ಷ ಕೇಳಿದ, ನಾನು ಬಾಯಿಗೆ ಬಂದದ್ದನ್ನು ಹೇಳಿದೆ, ಅವನು ಅದನ್ನೇ ಟೈಪ್ ಹೊಡೆದುಕೊಂಡ. ಆ ಕಾರ್ಡಿನ ಫೋಟೋದಲ್ಲಿ ನನ್ನದು ಕುರಿ ಕದ್ದು ಸಿಕ್ಕಿಬಿದ್ದವಳ ಮುಖ. ಬ್ಯಾಂಕಿನವರು ಒಮ್ಮೆ ಕಾರ್ಡು ನೋಡುತ್ತಾರೆ, ಒಮ್ಮೆ ನನ್ನನ್ನು ನೋಡುತ್ತಾರೆ, ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಅವರಿಗೆ ತಿಳಿಯುವುದಿಲ್ಲ.

ನನಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಮೂವತ್ತೆಂಟನೇ ವಯಸ್ಸಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಗಾಲಿ ತೆಗೆದುಕೊಂಡು ಹೋಯಿತು. ಕೇಳಿದವರಿಗೆಲ್ಲ ಆ ಕಥೆ ಹೇಳಿ ಹೇಳಿ ಬೇಸರ ಬಂದಿದೆ, ಇಲ್ಲಿ ಹೇಳುವುದಿಲ್ಲ. ರಬ್ಬರಿನ ಕಾಲು ಹಚ್ಚಿಕೊಂಡು ತುಕ್ಕಾನಟ್ಟಿಯ ನಮ್ಮ ಹೊಲದ ಬದುವಿನ ಮೇಲೆ ಎರಡು ಕಾಲಿನವರಿಗಿಂತ ಚೆನ್ನಾಗಿ ನಡೆಯುತ್ತೇನೆ.

ಗುಂಡು ಎಸೆಯುವ ಆಟಕ್ಕೆ ನಾನು ಬಂದದ್ದು ತಪ್ಪು ಪಾಳಿಯಲ್ಲಿ ನಿಂತು. ಮೂಡಲಗಿಯಲ್ಲಿ ಅಂಗವಿಕಲರಿಗೆ ಕ್ರೀಡಾಕೂಟ ಮಾಡಿದ್ದರು. ಅದೇ ಮೈದಾನದಲ್ಲಿ ಪಿಂಚಣಿ ಕಾಗದಕ್ಕೆ ಶಿಕ್ಕಾ ಹೊಡೆಯುತ್ತಾರೆ ಎಂದು ಯಾರೋ ಹೇಳಿದ್ದರು. ನನಗೆ ಓದು ಬರುತ್ತದೆ, ಆದರೆ ಬೋರ್ಡು ಮುಗಿಯುವಷ್ಟರಲ್ಲಿ ಪಾಳಿ ಮುಂದೆ ಹೋಗಿರುತ್ತದೆ. ನಿಂತೆ. ಮುಂದೆ ಹೋದ ಮೇಲೆ ಒಬ್ಬ ಮಾಸ್ತರು ನನ್ನನ್ನು ಕಬ್ಬಿಣದ ಕುರ್ಚಿಯ ಮೇಲೆ ಕೂರಿಸಿ, ಸೊಂಟಕ್ಕೆ ಬೆಲ್ಟು ಬಿಗಿದು, ಕೈಯಲ್ಲಿ ಮೂರು ಕಿಲೋದ ಗುಂಡು ಕೊಟ್ಟರು. ಶಿಕ್ಕಾ ಎಲ್ಲಿ ಎಂದು ಕೇಳಿದೆ. "ಮೊದ್ಲ ಇದನ್ನ ಒಗಿರಿ" ಎಂದರು. ಒಗೆದೆ. ಜೋಳಕ್ಕೆ ಬಂದ ಹಕ್ಕಿಯನ್ನು ಕವಣೆ ಬೀಸಿ ಓಡಿಸಿಕೊಂಡು ಬೆಳೆದ ಕೈ ಇದು. ಗುಂಡು ಅಳತೆ ಹಿಡಿದು ಕೂತವನ ತಲೆಯ ಮೇಲಿಂದ ಹೋಯಿತು. ಶಿಕ್ಕಾ ಸಿಗಲಿಲ್ಲ, ಕೊರಳಿಗೆ ಪದಕ ಸಿಕ್ಕಿತು.

ಅಂದಿನಿಂದ ಒಗೆಯುತ್ತಲೇ ಬಂದೆ. ಕಾರಣ ದೊಡ್ಡದೇನೂ ಅಲ್ಲ. ನಾನು ಸಂತೆಗೆ ಹೋದರೂ ಮದುವೆಗೆ ಹೋದರೂ ಜನ ಮೊದಲು ನೋಡುವುದು ನನ್ನ ಕಾಲನ್ನು. ಕುರ್ಚಿಯ ಮೇಲೆ ಕೂತು ಗುಂಡು ಎತ್ತಿದಾಗ ಮಾತ್ರ ಕಾಲನ್ನು ಯಾರೂ ನೋಡುವುದಿಲ್ಲ, ಇದು ಎಲ್ಲಿ ಬೀಳುತ್ತದೆ ಎಂದು ನೋಡುತ್ತಾರೆ. ಅಷ್ಟೇ. ಅಷ್ಟು ನನಗೆ ಬೇಕಾಗಿತ್ತು.

ನಾನು ಹೇಳಹೊರಟ ಆ ವರ್ಷ ಬೇಸಿಗೆಯಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಕುಪ್ಪಸ ತೊಡಿಸಲು ಸೊಸೆ ಬೇಕಾದಳು. ಕೈ ಎದೆಯಿಂದ ಮೇಲೆ ಏಳಲಿಲ್ಲ. ಗೋಕಾಕದ ಡಾಕ್ಟರು ಕೈಯನ್ನು ಆಚೆ ಈಚೆ ತಿರುವಿ ನನ್ನಿಂದ ಒಂದಷ್ಟು ಬೈಸಿಕೊಂಡರು. ಆಮೇಲೆ ಹೇಳಿದರು:

"ಆಯಿ, ಕುತ್ತಿಗಿಮಟ ನೀರಾಗ ನಿಂತ ದಿನಾ ಈ ಕೈ ಆಡಸಬೇಕ್ರಿ. ದಸರಾ ಕೂಟದೊಳಗ ಕೈ ಕಿವಿಮಟ ಏಳಬೇಕು. ಏಳಲಿಲ್ಲಂದ್ರ ಗುಂಡು ಒಗಿಯೂದು ಮರತಬಿಡ್ರಿ."

"ಗುಳಗಿ ಕೊಡ್ರಿ."

"ಕೊಟ್ಟೇನಲ್ರಿ."

"ಇನ್ನೊಂದ ಕೊಡ್ರಿ. ಸೂಜಿ ಮಾಡ್ರಿ. ಕೊಯ್ಯರಿ ಬೇಕಾದ್ರ. ನೀರ ಒಂದ ಬ್ಯಾಡ್ರಿ."

ಡಾಕ್ಟರು ನಕ್ಕರು. ಅವರಿಗೆ ಗೊತ್ತಿರಲಿಲ್ಲ. ನಾವು ಕುರುಬರು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕಾಲುವೆಗೆ ಇಳಿಸಿ ಮೈ ತೊಳೆಯುತ್ತೇವೆ. ನಾನು ಏಳು ವರ್ಷದವಳಿದ್ದಾಗ ಅಂಥ ಒಂದು ದಿನ ಟಗರಿನ ಹಗ್ಗ ನನ್ನ ಕೈಗೆ ಸುತ್ತಿಕೊಂಡು, ಟಗರು ನೀರಿಗೆ ಹಾರಿ, ಅದರ ಹಿಂದೆ ನಾನೂ ಹೋದೆ. ಅಪ್ಪ ಜಿಗಿದ. ಮೊದಲು ಟಗರನ್ನು ತೆಗೆದ, ಆಮೇಲೆ ನನ್ನನ್ನು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಟಗರು ಹತ್ತಿರ ಇತ್ತು, ಒಳ್ಳೆಯ ಟಗರು ಕೂಡ. ಆದರೆ ಅಂದಿನಿಂದ ನಾನು ಮುಖ ಮುಚ್ಚಿಕೊಳ್ಳದೆ ತಲೆಯ ಮೇಲೆ ನೀರು ಸುರಿದುಕೊಂಡವಳಲ್ಲ. ಎರೆದುಕೊಳ್ಳುವಾಗ ಒಂದು ಕೈ ಮುಖದ ಮೇಲೆ, ಒಂದು ಕೈಯಲ್ಲಿ ತಂಬಿಗೆ. ಮಳೆ ಬಂದರೂ ಬಾಯಿ ಮುಚ್ಚಿಕೊಂಡು ನಡೆಯುತ್ತೇನೆ. ಉಳಿದ ದಿನಗಳಲ್ಲಿ ಮುಚ್ಚುವುದಿಲ್ಲ ಎನ್ನುವುದು ಮನೆಯವರ ದೂರು.

ಗೋಕಾಕದಲ್ಲಿ ಈಜುಕೊಳವಿದೆ, ಬೆಳಿಗ್ಗೆ ಒಂದು ತಾಸು ಹೆಂಗಸರಿಗೆ ಬಿಡುತ್ತಾರೆ. ಮೂರು ವಾರ ಹೋದೆ. ಹೋಗಿ ಏನು ಮಾಡಿದೆ? ದಂಡೆಯ ಮೇಲೆ ಕೂತೆ. ಬರುವಾಗ ಹೊರಗಿನ ನಳದಲ್ಲಿ ಸೀರೆಯ ಅಂಚು ತೋಯಿಸಿಕೊಂಡು ಬಸ್ಸು ಹತ್ತಿದೆ. ಮನೆಯಲ್ಲಿ "ಈವತ್ತು ನೀರು ಭಾಳ ತಣ್ಣಗಿತ್ತು" ಎಂದು ಹೇಳಿ, ದಣಿದವಳಂತೆ ಇನ್ನೊಂದು ರೊಟ್ಟಿ ಹೆಚ್ಚಿಗೆ ತಿಂದೆ. ಅರವತ್ತೆರಡನೇ ವಯಸ್ಸಿನಲ್ಲಿ ಸಾಲೆ ತಪ್ಪಿಸುವವರ ಹಾಗೆ ಸುಳ್ಳು ಹೇಳಿದೆ.

ನನ್ನನ್ನು ಹಿಡಿದದ್ದು ಹುಕ್ಕೇರಿಯವಳು. ಅವಳು ನನ್ನ ಜೊತೆ ಗುಂಡು ಎಸೆಯುವವಳು. ಒಂದು ವರ್ಷ ನಾನು ಮೊದಲು, ಅವಳು ಎರಡನೆಯವಳು, ಮರುವರ್ಷ ತಿರುವುಮುರುವು. ನನಗಿಂತ ಹತ್ತು ವರ್ಷ ಚಿಕ್ಕವಳು. ಸಣ್ಣಂದಿನ ಪೋಲಿಯೋದಿಂದ ಅವಳ ಎರಡೂ ಕಾಲಿಗೆ ಬಲವಿಲ್ಲ, ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಬಂದು ಕುರ್ಚಿಯಿಂದ ದಂಡೆಗೆ ಜಾರಿ, ದಂಡೆಯಿಂದ ನೀರಿಗೆ ಜಾರಿ, ಬರೀ ಕೈಯಿಂದ ಆ ತುದಿ ಮುಟ್ಟಿ ಬರುತ್ತಾಳೆ. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅವಳು ಒಳ್ಳೆಯವಳು, ಅದೇ ತೊಂದರೆ.

ನಾನು ನಳದ ಕೆಳಗೆ ಸೀರೆ ಹಿಡಿದು ನಿಂತಿದ್ದೆ. ಹಿಂದಿನಿಂದ ಅವಳ ದನಿ ಬಂತು.

"ಏನ್ರಿ ಅಕ್ಕಾರ, ಈವತ್ತ ಬರೀ ಸೀರಿ ಅಂಚ ಅಷ್ಟ ಈಜಿ ಬಂತೇನ್ರಿ?"

"ಕೆಸರ ಹತ್ತಿತ್ತು. ತೊಳ್ಯಾಕತ್ತೇನಿ."

"ಮೂರ ವಾರದಿಂದ ಅದ ಕೆಸರ ಹೋಗವಲ್ದೇನ್ರಿ?"

ನಾನು ಸೀರೆಯ ಅಂಚು ಹಿಂಡಿಕೊಂಡು ಹೊರಟೆ. ಅವಳು ಬಿಡುವವಳೇ? ಗಾಲಿಕುರ್ಚಿಯನ್ನು ನನ್ನ ದಾರಿಗೆ ಅಡ್ಡ ನಿಲ್ಲಿಸಿ ಫೋನು ತೆಗೆದಳು. "ಇದನ್ನ ನೋಡಿ ಹೋಗ್ರಿ" ಎಂದಳು.

ಫೋನಿನಲ್ಲಿ ಅವಳದೇ ಫೋಟೋ. ನೀರಿನ ಒಳಗೆ ತೆಗೆದದ್ದು. ಬಿಚ್ಚಿದ ಕೂದಲು ಸುತ್ತಲೂ ಹರಡಿದೆ, ಹಸಿರು ಸೀರೆ ಬಾಳೆಯ ಎಲೆಯ ಹಾಗೆ ತೇಲುತ್ತಿದೆ, ಕಣ್ಣು ತೆರೆದು ನೆಟ್ಟಗೆ ನೋಡುತ್ತಿದ್ದಾಳೆ. ಕುರ್ಚಿ ಇಲ್ಲ, ಏನಿಲ್ಲ. ರಾಣಿ ಕಂಡ ಹಾಗೆ ಕಂಡಳು. ನನ್ನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದ ಹಾಗಾಯಿತು.

ತೆಗೆದವಳು ಮೂಡಲಗಿಯಲ್ಲಿ ಸ್ಟುಡಿಯೋ ಇಟ್ಟಿರುವ ಹೆಣ್ಣುಮಗಳು. ಈಗಿನ ಜೋಡಿಗಳು ಮದುವೆಗೆ ಮುಂಚೆ ನೀರಿನಲ್ಲಿ ಮುಳುಗಿ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಮದುವೆಯಾದ ಮೇಲೆ ಮುಳುಗುವುದು ಇದ್ದೇ ಇದೆ, ಅಷ್ಟು ಅವಸರ ಯಾಕೋ. ಅದಕ್ಕೆಂದು ಅವಳು ಕ್ಯಾಮೆರಾಕ್ಕೆ ನೀರು ಹೋಗದ ಡಬ್ಬಿ ಕೊಂಡಿದ್ದಳು. ಆಮೇಲೆ ತನ್ನ ಖುಷಿಗೆ, ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಅಂಗವಿಕಲ ಆಟಗಾರರದು ಒಬ್ಬೊಬ್ಬರದೇ ಫೋಟೋ ನೀರೊಳಗೆ ತೆಗೆಯಲು ಹೊರಟಿದ್ದಳು. ದೊಡ್ಡದಾಗಿ ಮಾಡಿಸಿ, ಗೋಕಾಕದಲ್ಲಿ ನಮ್ಮಂಥ ಆಟಗಾರರ ಕಾರ್ಯಕ್ರಮ ನಡೆಯುವ ಸಭಾಭವನದ ಗೋಡೆಗೆ ತೂಗುಹಾಕುವುದಿತ್ತು.

"ನಿಮ್ಮನ್ನೂ ಕೇಳ್ಯಾಳ್ರಿ," ಎಂದಳು ಹುಕ್ಕೇರಿಯವಳು. "ನಾನ ಅಂದೆ, ಅಕ್ಕಾರ ನೀರಿಗಿ ಅಂಜತಾರ, ಅವರದು ಆಧಾರ್ ಕಾರ್ಡಿಂದ ದೊಡ್ಡದ ಮಾಡಿ ಹಚ್ಚಬಿಡು ಅಂತ."

ಆ ಮುಖ, ಗೋಡೆಯ ಮೇಲೆ, ಇವಳ ರಾಣಿ ಮುಖದ ಬಾಜೂಕ್ಕೆ. ಡಾಕ್ಟರ ಮಾತಿನಿಂದ ಆಗಲಿಲ್ಲ, ಭುಜದ ನೋವಿನಿಂದ ಆಗಲಿಲ್ಲ, ದಸರಾ ಹತ್ತಿರ ಬಂದದ್ದರಿಂದಲೂ ಆಗಲಿಲ್ಲ. ಅಲ್ಲೇ ನಿಂತು ಹೇಳಿದೆ:

"ಬರೂ ಐತವಾರ ಇಳೀತೇನಂತ ಹೇಳ ಆಕಿಗಿ."

ಮನೆಗೆ ಬಂದು ಗಂಡನಿಗೆ ಸುದ್ದಿ ಹೇಳಿದೆ. ಅವರು ಕಂಬಳಿ ಕೊಡವುತ್ತಿದ್ದರು.

"ನೀರಾಗ ಫೋಟೋ? ಒಣಗಿದ ಮ್ಯಾಲ ತೆಗಿಯಾಕ ಬರೂದಿಲ್ಲೇನ ಆಕಿಗಿ?"

"ನಿಮಗ ತಿಳಿಯೂದಿಲ್ಲ ಬಿಡ್ರಿ. ನೀವೂ ಬರ್ರಿ ಅವತ್ತ."

"ಯಾಕ? ಮೂರ ವಾರದಿಂದ ಈಜಾಕತ್ತೀ. ನಾ ಬಂದ ಏನ ಮಾಡ್ಲಿ?"

ನಾನು ಕಂಬಳಿಯ ಇನ್ನೊಂದು ತುದಿ ಹಿಡಿದುಕೊಟ್ಟೆ. ಅವರು ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡರು.

"ನಿನ್ನ ತಲಿಗೂದಲ ಒಂದ ದಿನ ತೊಯ್ದದ್ದ ಕಾಣಲಿಲ್ಲ. ಕುರಿ ಕಾಯಾಂವಗ ಇಷ್ಟ ಗೊತ್ತಾಗೂದಿಲ್ಲೇನ? ಬರ್ತೇನಿ ನಡಿ."

ಮೂರು ವಾರ ಗೊತ್ತಿದ್ದೂ ಹೆಚ್ಚಿನ ರೊಟ್ಟಿ ತಿನ್ನಲು ಬಿಟ್ಟಿದ್ದರು.

ಐತವಾರ ಮಧ್ಯಾಹ್ನ, ಕೊಳಕ್ಕೆ ಬೇರೆ ಯಾರನ್ನೂ ಬಿಡದ ಹೊತ್ತಿನಲ್ಲಿ, ಹೋದೆವು. ನಾನು ಕೆಂಪು ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದೆ. ಹಣೆ ತುಂಬ ನಮ್ಮ ಬೀರದೇವರ ಭಂಡಾರ, ಗುಡಿಯ ಅರಿಷಿಣ. ಹಣೆಯದು ಸಾಲದು ಎನ್ನಿಸಿ, ಸೆರಗಿನ ತುದಿಯಲ್ಲಿ ಎರಡು ಹಿಡಿ ಭಂಡಾರ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನಮ್ಮಲ್ಲಿ ಯಾರೂ ಭಂಡಾರವಿಲ್ಲದೆ ದೂರದ ದಾರಿ ಹಿಡಿಯುವುದಿಲ್ಲ. ನನಗೆ ಅಂದು ಕೊಳಕ್ಕೆ ಇಳಿಯುವ ಐದು ಮೆಟ್ಟಿಲು ಪಂಢರಪುರಕ್ಕಿಂತ ದೂರ ಇದ್ದವು. ಅರಿಷಿಣದ ಪುಡಿ ನೀರಿನಲ್ಲಿ ಏನು ಮಾಡುತ್ತದೆ ಎಂಬುದು ದಿನಾ ಅಡುಗೆ ಮಾಡುವ ನನ್ನ ತಲೆಗೆ ಹೊಳೆಯಲೇ ಇಲ್ಲ.

ರಬ್ಬರಿನ ಕಾಲು ಬಿಚ್ಚಿ ದಂಡೆಯ ಮೇಲಿಟ್ಟು, ಮೆಟ್ಟಿಲ ಮೇಲೆ ಕುಂಡಿ ಊರಿ ಊರಿ ಇಳಿದೆ. ಎದೆಮಟ್ಟ ಬಂದ ಕೂಡಲೇ ಸೀರೆ ಗಾಳಿ ತುಂಬಿಕೊಂಡು ಡೊಳ್ಳಿನ ಹಾಗೆ ಮೇಲೆದ್ದಿತು. ಅದನ್ನು ಒತ್ತಲು ಹೋದರೆ ನಾನು ಕಾಲಿಲ್ಲದ ಕಡೆಗೆ ವಾಲಿದೆ. ಎರಡೂ ಕೈಯಿಂದ ಮೆಟ್ಟಿಲ ಪಕ್ಕದ ಕಬ್ಬಿಣದ ಸರಳು ಹಿಡಿದುಕೊಂಡೆ. ಹುಕ್ಕೇರಿಯವಳು ದಂಡೆಯ ಮೇಲೆ ಕೂತು ಕರದಂಟು ತಿನ್ನುತ್ತ ನೋಡುತ್ತಿದ್ದಳು.

ಫೋಟೋದವಳು ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಕೊಂಡು ನೀರಿನಲ್ಲಿ ನನ್ನ ಎದುರು ನಿಂತಳು.

"ಆಯಿ, ಅಂಜಬ್ಯಾಡ್ರಿ. ನೀರಾಗ ಊರೂ ಬಡಿಗಿ ಇರೂದಿಲ್ಲ, ಕುರ್ಚಿ ಇರೂದಿಲ್ಲ. ಮನಷ್ಯಾ ಅಷ್ಟ ಇರ್ತಾನ."

"ಮೀನಾನೂ ಇರ್ತಾವ. ಮುಂದ ಹೇಳ."

"ಉಸರ ತಗೋರಿ, ತಲಿ ಒಳಗ ಹಾಕ್ರಿ, ಮೂಗಿನಿಂದ ಮೆಲ್ಲಕ ಬಿಡ್ರಿ."

ಉಸಿರು ತೆಗೆದುಕೊಂಡೆ. ಬಿಡಲಿಲ್ಲ. ತಲೆಯನ್ನೂ ಹಾಕಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಅವಳನ್ನೇ ನೋಡುತ್ತ ನಿಂತೆ. ಹೀಗೆ ಎಂಟು ಹತ್ತು ಸಲ. ಗಲ್ಲ ನೀರಿಗೆ ತಾಗಿದರೆ ಸಾಕು, ಕುತ್ತಿಗೆ ತಾನಾಗಿ ಮೇಲೆ ಹೋಗುತ್ತಿತ್ತು. ಆ ಕ್ಷಣ ಮನೆಗೆ ಹೋಗಿಬಿಡೋಣ ಎನ್ನಿಸಿತು. ಗುಂಡು ಹೋದರೆ ಹೋಗಲಿ. ಗೋಡೆಯ ಮೇಲೆ ಕಳ್ಳಿಯ ಮುಖ ಇದ್ದರೆ ಇರಲಿ. ಹಾಗೆ ಅಂದುಕೊಂಡು ಮೆಟ್ಟಿಲ ಕಡೆ ತಿರುಗಿದಾಗ ಗಂಡ ಧೋತರ ಎತ್ತಿ ಕಟ್ಟಿ ಇಳಿದು ಬರುತ್ತಿದ್ದರು. ತಲೆಯ ಮೇಲೆ ರುಮಾಲು ಹಾಗೇ ಇತ್ತು. ವಾಚಮನ್ ಆಚೆ ದಂಡೆಯಿಂದ ಕೂಗಿದ, "ಏ ಕಾಕಾ, ಧೋತರಾ ನಡಿಯೂದಿಲ್ಲ!" ಅವರು ಅವನ ಕಡೆ ನೋಡಲೂ ಇಲ್ಲ.

ಕುರಿ ತೊಳೆಯುವುದಕ್ಕೆ ಒಂದು ಹಿಡಿತವಿದೆ. ಒಂದು ಕೈ ಗದ್ದದ ಕೆಳಗೆ, ಒಂದು ಕೈ ಬಾಲದ ಬುಡಕ್ಕೆ. ಗದ್ದ ಮೇಲಿರುವತನಕ ಕುರಿ ಒದ್ದಾಡುವುದಿಲ್ಲ, ಮೈ ಸಡಿಲ ಬಿಟ್ಟು ತೇಲುತ್ತದೆ. ಅವರು ಬಂದವರೇ ನನ್ನನ್ನು ಹಾಗೆಯೇ ಹಿಡಿದರು. ಎಲ್ಲರ ಮುಂದೆ.

"ನಾ ಏನ ಕುರೀನ?"

"ಕುರಿ ಆಗಿದ್ರ ಇಷ್ಟೊತ್ತಿಗಿ ತೊಳದ ದಂಡಿಗಿ ಬಿಟ್ಟಿರತಿದ್ನಿ. ಸರಳ ಬಿಡ."

"ಬಿಡೂದಿಲ್ಲ."

"ಬಿಡಬ್ಯಾಡ. ಬೈಯಿ ನನ್ನ. ಅದ್ರಾಗ ನಿನಗ ಅಂಜಿಕಿ ಇಲ್ಲ."

ಬೈದೆ. ನಲವತ್ತೈದು ವರ್ಷದ್ದು ಬಾಕಿ ಇತ್ತು. ಅವರ ಬೀಡಿಯಿಂದ ಶುರು ಮಾಡಿ, ಅವರ ಅಕ್ಕಂದಿರ ತನಕ ಬಂದಿದ್ದೆ. ಬೈಯುವಾಗ ಕೈ ಬೀಸುವ ಚಟ ನನಗೆ, ಯಾವಾಗ ಸರಳು ಬಿಟ್ಟೆನೋ ತಿಳಿಯದು. ಎರಡನೇ ಅಕ್ಕನ ಹೆಸರು ಅರ್ಧ ಬಾಯಿಗೆ ಬಂದಿತ್ತು, ಅವರು ಗದ್ದ ಬಿಟ್ಟರು. ಮುಳುಗಿದೆ. ಕಿವಿಯಲ್ಲಿ ಗುಂಯ್ ಎಂದಿತು, ಮೂಗು ಉರಿಯಿತು, ಒಂದೇ ಕಾಲಿನಿಂದ ನೆಲ ಒದ್ದು ಮೇಲೆ ಬಂದೆ, ಅಕ್ಕನ ಹೆಸರಿನ ಉಳಿದ ಅರ್ಧ ಹೇಳಿ ಮುಗಿಸಿದೆ. ಆಮೇಲೆ ಗೊತ್ತಾಯಿತು, ತಲೆ ತೊಯ್ದಿದೆ ಎಂದು.

"ಸತ್ತೇನ?" ಎಂದು ಕೇಳಿದರು.

"ಇಲ್ಲ."

"ಹಂಗಾರ ಇನ್ನೊಮ್ಮಿ."

ಇನ್ನೊಮ್ಮೆ, ಮತ್ತೊಮ್ಮೆ. ಐದಾರು ಸಲಕ್ಕೆ ನಾನೇ ಹೋದೆ. ಆದರೆ ಹೊಸ ತೊಂದರೆ: ಒಳಗೆ ನಿಲ್ಲಲಾಗಲಿಲ್ಲ. ಹೆದರಿದವಳ ಎದೆ ತುಂಬ ಗಾಳಿ, ಬೆಂಡಿನ ಹಾಗೆ ಮೇಲೆ ಬರುತ್ತಿದ್ದೆ, ಅದೂ ಹಿಂಭಾಗ ಮೊದಲು. ಫೋಟೋದವಳು ಅಷ್ಟೊತ್ತೂ ಅದರದೇ ಫೋಟೋ ತೆಗೆದಿದ್ದಳು, ಬೇರೇನೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹುಕ್ಕೇರಿಯವಳು ದಂಡೆಯಿಂದ ಹೇಳಿದಳು:

"ಅಕ್ಕಾರ ಕೈಯಾಗ ಗುಂಡ ಕೊಡ್ರಿ. ಅದರ ಜೋಡಿ ಮುಳಗತಾರ."

ಅವಳದೇ ಗುಂಡು ಕುರ್ಚಿಯ ಹಿಂದಿನ ಚೀಲದಲ್ಲಿತ್ತು. ತೆಗೆದು ಕೊಟ್ಟಳು. ನಾನು ಅದನ್ನು ಬಲಗೈಯಿಂದ ಕುತ್ತಿಗೆಗೆ ಒತ್ತಿಕೊಂಡೆ, ಎಸೆಯುವ ಮುಂಚೆ ಒತ್ತಿಕೊಳ್ಳುವ ಹಾಗೆ. ಕಣ್ಣು ಮುಚ್ಚಿ ಕೂತೆ. ಅದು ನನ್ನನ್ನು ಮೆಲ್ಲಗೆ ತಳಕ್ಕೆ ಕೂರಿಸಿತು.

ಗುಂಡು ಕೈಗೆ ಬಂದರೆ ನನಗೆ ಬೇರೆ ಏನೂ ನೆನಪಿರುವುದಿಲ್ಲ. ಕೈ ತನ್ನ ಕೆಲಸ ಮಾಡಿತು. ಮೊಣಕೈ ಮೇಲೆದ್ದಿತು. ಎದೆ ದಾಟಿತು, ಭುಜ ದಾಟಿತು. ನಾಲ್ಕು ತಿಂಗಳಿಂದ ಕುಪ್ಪಸದ ತೋಳಿಗೆ ಹೋಗದ ಕೈ, ಮೂರು ಕಿಲೋ ಹಿಡಿದುಕೊಂಡು ಮೇಲೆ ಹೋಗುತ್ತಿತ್ತು, ಯಾರೋ ಕೆಳಗಿನಿಂದ ಎತ್ತಿ ಕೊಟ್ಟ ಹಾಗೆ. ನೋವು ಇತ್ತು, ಸ್ವಲ್ಪ. ಡಾಕ್ಟರು ಯಾಕೆ ನೀರು ನೀರು ಎಂದು ಬಡಿದುಕೊಂಡರು ಎಂದು ಆಗ ತಿಳಿಯಿತು. ಮೂರು ವಾರ ದಂಡೆಯ ಮೇಲೆ ಕೂತದ್ದಕ್ಕೆ ನನ್ನನ್ನೇ ಬೈದುಕೊಂಡು ಕಣ್ಣು ಬಿಟ್ಟೆ.

ಎಲ್ಲ ಹಳದಿ. ಮೇಲೆ, ಕೆಳಗೆ, ಎಲ್ಲಿ ನೋಡಿದರೂ ಹಳದಿ ಮೋಡ. ಸತ್ತೆ ಎಂದುಕೊಂಡೆ. ಬೀರದೇವರೇ ಬಂದು ಕರೆದುಕೊಂಡರು, ಭಂಡಾರ ಹಾರಿಸುತ್ತಿದ್ದಾರೆ ಎಂದು ಖರೆ ಅನ್ನಿಸಿತು. ಅಷ್ಟರಲ್ಲಿ ಮೋಡದೊಳಗಿಂದ ದೊಡ್ಡ ಕನ್ನಡಕ ಮತ್ತು ಕ್ಯಾಮೆರಾದ ಡಬ್ಬಿ ಬಂದವು. ದೇವರು ಕ್ಯಾಮೆರಾ ಇಟ್ಟುಕೊಂಡಿರುವುದಿಲ್ಲ. ಸೆರಗಿನ ಗಂಟು ಬಿಚ್ಚಿಹೋಗಿದೆ ಎಂದು ಗೊತ್ತಾಗಿ, ಗುಂಡು ಬಿಟ್ಟು ಮೇಲೆ ಬಂದೆ.

ವಾಚಮನ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. "ಏನ್ ಮಾಡಿಟ್ರಿ ಆಯಿ! ಸಾರ ಮಾಡಿಟ್ರ್ಯಲ್ಲ ನೀರೆಲ್ಲಾ!"

"ಉಪ್ಪ ಹಾಕಿಲ್ಲ ಇನ್ನಾ," ಎಂದರು ನನ್ನ ಗಂಡ.

ಫೋಟೋದವಳೂ ಮೇಲೆ ಬಂದಳು. ಅವಳ ಬಿಳಿ ಅಂಗಿ ಹಳದಿಯಾಗಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈದಳು ಕೂಡ, ಮೆತ್ತಗೆ: "ಹೇಳೂದಲ್ರಿ ಆಯಿ, ಗಂಟ ಕಟಗೊಂಡ ಬಂದೇನಂತ." ಆ ನೀರಿನಲ್ಲಿ ಇನ್ನು ಫೋಟೋ ಬರುವಂತಿರಲಿಲ್ಲ. ಅಂದು ಇನ್ನಿಬ್ಬರದು ಬಾಕಿ ಇತ್ತಂತೆ, ಅವರಿಗೆ ಫೋನು ಮಾಡಿ ಬರಬೇಡಿ ಎಂದಳು. ನನಗೆ ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ವಾಚಮನ್ನಿಗೆ ತಪ್ಪಾಯಿತು ಎಂದೆ. ಅವನು ಮಷೀನು ಹಚ್ಚಿ ಸಂಜೆ ತನಕ ನೀರು ತಿರುಗಿಸುತ್ತೇನೆ ಎಂದು ಗೊಣಗುತ್ತ ಹೋದ. ಹೋಗುವಾಗ ತಿರುಗಿ ಹಣೆಗೆ ಕೈ ಮುಟ್ಟಿಸಿಕೊಂಡ, ಭಂಡಾರವಲ್ಲವೇ.

ದಂಡೆಯ ಮೇಲೆ ಕೂತು ಕ್ಯಾಮೆರಾದಲ್ಲಿ ನೋಡಿದೆವು. ನಲವತ್ತಕ್ಕಿಂತ ಹೆಚ್ಚು ನನ್ನ ಹಿಂಭಾಗದ್ದು. ಕೊನೆಗೆ ಒಂದೇ ಒಂದು ಮುಖದ್ದು: ಹಳದಿಯ ನಡುವೆ ಎತ್ತಿದ ಕೈ, ಉಬ್ಬಿದ ಕೆನ್ನೆ, ಬಿರಿದ ಕಣ್ಣು. ಯಾರನ್ನೋ ಹೊಡೆಯಲು ಹೊರಟವಳು. ಆಧಾರ್ ಕಾರ್ಡಿನವಳು ಕುರಿ ಕದ್ದಿದ್ದರೆ ಇವಳು ಕುರುಬನನ್ನೂ ಕೊಂದಿರಬೇಕು. ಫೋಟೋದವಳು ಇದನ್ನೇ ತೂಗುಹಾಕುತ್ತೇನೆ ಎಂದಳು. ನಾನು ಹುಕ್ಕೇರಿಯವಳನ್ನು ಕೇಳಿದೆ:

"ಖರೆ ಹೇಳ. ಯಾರದ ಚಂದ ಐತಿ?"

ಅವಳು ಬೆರಳಿನ ಬೆಲ್ಲ ನೆಕ್ಕಿಕೊಂಡು ಎರಡೂ ನೋಡಿದಳು.

"ನಂದ ಚಂದ ಐತ್ರಿ ಅಕ್ಕಾರ. ನಿಮ್ದ ನೋಡಿದ್ರ ಅಂಜಿಕಿ ಬರ್ತೈತಿ." ಮತ್ತೆ ಕ್ಯಾಮೆರಾದ ಕಡೆ ಬಾಗಿ ಹೇಳಿದಳು, "ಕೈ ಮಾತ್ರ ಎಷ್ಟ ಮ್ಯಾಲ ಹೋಗೈತಿ ನೋಡ್ರಿ. ಈ ಸಲ ನಂಗ ಎರಡನೇದ ಗ್ಯಾರಂಟಿ."

ಹೋಗುವಾಗ ಕುರ್ಚಿಯ ಚೀಲದಿಂದ ತನ್ನ ಒಂದು ಜೋಡಿ ಈಜುವ ಅಂಗಿ ಪ್ಯಾಂಟು ತೆಗೆದು ನನ್ನ ತೊಡೆಯ ಮೇಲೆ ಒಗೆದಳು. ನನಗೆ ಬಿಗಿಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗಂಡ ಕುರಿ ಹೊಡೆದುಕೊಂಡು ಹೋದ ಮೇಲೆ ನಾನೊಬ್ಬಳೇ ಗೋಕಾಕದ ಬಸ್ಸು ಹಿಡಿದೆ. ಕೊಳದ ಬಾಗಿಲು ಇನ್ನೂ ತೆಗೆದಿರಲಿಲ್ಲ, ಕಟ್ಟೆಯ ಮೇಲೆ ಕಾದೆ. ತೆಗೆದ ಮೇಲೆ ಆ ಬಿಗಿ ಅಂಗಿಯೊಳಗೆ ಉಸಿರು ಹಿಡಿದು ತೂರಿಕೊಂಡೆ, ಕಾಲು ಬಿಚ್ಚಿಟ್ಟು ಮೆಟ್ಟಿಲು ಇಳಿದೆ. ಕುತ್ತಿಗೆಮಟ್ಟ ಬರುವಷ್ಟರಲ್ಲಿ ಎದೆ ನಗಾರಿ ಬಡಿಯುತ್ತಿತ್ತು, ಹಿಂದಿನ ದಿನದಷ್ಟೇ. ಎಡಗೈಯಿಂದ ಸರಳು ಹಿಡಿದು ಬಲಗೈ ಎತ್ತಿದೆ. ಇಪ್ಪತ್ತು ಸಲ ಎತ್ತಿದೆ. ಕಿವಿಗೆ ನಾಲ್ಕು ಬೆರಳು ಕಡಿಮೆ ಬಿತ್ತು. ಆಮೇಲೆ ಸರಳು ಬಿಟ್ಟೆ, ವಾಲಿದೆ, ಒಂದು ಗುಟುಕು ನೀರು ಕುಡಿದೆ, ಕೆಮ್ಮಿದೆ. ಸೆಟೆದು ನಿಂತು ಮತ್ತೆ ಕೈ ಎತ್ತಿದೆ.